ಸೆಕೆಂಡ್ ಹ್ಯಾಂಡ್ ಟರ್ಬೊ ಹ್ಯಾಚ್‌ಬ್ಯಾಕ್ ಕೊಳ್ಳುವ ಮುನ್ನ: ಕಲಬುರಗಿ ಭಾಗದವರಿಗೆ ಹಂತ ಹಂತದ ಮಾರ್ಗದರ್ಶಿ

"ಪೋಲೊ ಜಿಟಿ ಒಂದು ಸಿಕ್ಕದ ರೀ, ರೇಟೂ ಕಡಿಮಿ ಹೇಳ್ಯಾರ. ತಗೋಬೇಕೋ ಬ್ಯಾಡೋ?" ಕಲಬುರಗಿ, ಬೀದರ್, ಯಾದಗಿರಿಯ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಕಾರಿನ ಹೆಸರು ಒಮ್ಮೆ ಬಲೆನೊ ಆರ್‌ಎಸ್, ಒಮ್ಮೆ ಫಿಗೊ, ಒಮ್ಮೆ ಪುಂಟೊ ಅಬಾರ್ಥ್ ಎಂದು ಬದಲಾಗುತ್ತದೆ. ಇವೆಲ್ಲ ಟರ್ಬೊ ಹ್ಯಾಚ್‌ಬ್ಯಾಕ್, ಅಂದರೆ ಎಂಜಿನ್‌ಗೆ ಹೆಚ್ಚು ಗಾಳಿ ತುಂಬಿ ಬಲ ಹೆಚ್ಚಿಸುವ ಟರ್ಬೊ ಇರುವ ಸಣ್ಣ ಕಾರುಗಳು. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಗಾಡಿ ನೋಡುವ ಕ್ರಮವನ್ನೇ ಇಲ್ಲಿ ಪೂರ್ತಿ ಬರೆದಿದ್ದೇನೆ.

ಮೊದಲೇ ಒಂದು ಮಾತು. ಮನೆಮಂದಿ ಓಡಿಸಿದ ಸಾದಾ ಕಾರನ್ನು ನೋಡುವ ಕಣ್ಣಿನಿಂದ ಈ ಗಾಡಿಗಳನ್ನು ನೋಡಬೇಡಿ. ಇವುಗಳನ್ನು ಕೊಂಡವರು ಹೆಚ್ಚಾಗಿ ವೇಗಕ್ಕಾಗಿಯೇ ಕೊಂಡವರು. ಮೀಟರ್‌ನಲ್ಲಿ ನಲವತ್ತು ಸಾವಿರ ಕಿ.ಮೀ. ತೋರಿಸುವ ಗಾಡಿ ಒಳಗೊಳಗೇ ದಣಿದಿರಬಹುದು, ತೊಂಬತ್ತು ಸಾವಿರ ಓಡಿದ್ದು ಗಟ್ಟಿಯಾಗಿರಬಹುದು. ಎಷ್ಟು ಓಡಿದೆ ಎಂಬುದಕ್ಕಿಂತ ಆಯಿಲ್ ಯಾವಾಗ ಬದಲಾಗಿದೆ, ಯಾರು ಬದಲಿಸಿದ್ದಾರೆ ಎಂಬುದೇ ಇಲ್ಲಿ ದೊಡ್ಡದು. ಅದಕ್ಕಿಂತ ದೊಡ್ಡ ಪ್ರಶ್ನೆ: ನಾಳೆ ಗಾಡಿ ನಿಂತರೆ ರಿಪೇರಿ ಮಾಡುವವರು ನಿಮ್ಮಿಂದ ಎಷ್ಟು ದೂರ?

ಜೊತೆಗೆ ಒಯ್ಯಬೇಕಾದವು: ಟಾರ್ಚ್, ಬಿಳಿ ಟಿಶ್ಯೂ ಕಾಗದ, ಟೈರ್ ಗಾಳಿ ನೋಡುವ ಗೇಜ್, ಮತ್ತು ಆ ಕಂಪನಿಯ ಗಾಡಿ ಬಿಚ್ಚಿ ಗೊತ್ತಿರುವ ಒಬ್ಬ ಮಿಸ್ತ್ರಿ. ಮಾರುವವರೇ ಕರೆತಂದ ಮಿಸ್ತ್ರಿಯ ಮಾತನ್ನು ಕೇಳಿಸಿಕೊಳ್ಳಿ, ಆದರೆ ಅದರ ಮೇಲೆ ತೀರ್ಮಾನ ಮಾಡಬೇಡಿ.

ಹಂತ 1: ಯಾವ ಗಾಡಿ ಎಂದು ಮನೆಯಲ್ಲೇ ತೀರ್ಮಾನಿಸಿ

ಗಾಡಿ ಎದುರು ನಿಂತಾಗ ಮನಸ್ಸು ಸೋಲುತ್ತದೆ. ಆದ್ದರಿಂದ ಈ ಕೆಲಸ ಮೊದಲು.

ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐ 2013ರಲ್ಲಿ ಬಂತು. 1.2 ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್, 105 ಪಿಎಸ್ (ಅಶ್ವಶಕ್ತಿಯ ಅಳತೆ) ಶಕ್ತಿ, 7 ಗೇರಿನ ಡಿಎಸ್‌ಜಿ, ಅಂದರೆ ಎರಡು ಕ್ಲಚ್‌ನ ಆಟೊಮ್ಯಾಟಿಕ್. ಓಡಿಸಲು ಸೊಗಸು, ಆದರೆ ಡಿಎಸ್‌ಜಿ ಕೆಟ್ಟರೆ ಖರ್ಚು ಲಕ್ಷದ ಮಾತು. 2020ರಲ್ಲಿ ಬಿಎಸ್6 ಹೊಗೆ ನಿಯಮದ ಜೊತೆ ಬಂದ 1.0 ಟಿಎಸ್‌ಐ ಪೋಲೊ ಮೂರು ಸಿಲಿಂಡರಿನದು, 110 ಪಿಎಸ್. ಅದರಲ್ಲಿ 6 ಗೇರಿನ ಮ್ಯಾನ್ಯುಯಲ್ ಸಿಗುತ್ತದೆ. ಆಟೊಮ್ಯಾಟಿಕ್ ಕೂಡ ಟಾರ್ಕ್ ಕನ್ವರ್ಟರ್ ಬಗೆಯದು, ಅಂದರೆ ಎಂಜಿನ್‌ನ ಬಲವನ್ನು ಆಯಿಲ್ ಮೂಲಕ ದಾಟಿಸುವ ಹಳೆಯ, ತಾಳಿಕೆಯ ವಿಧಾನ. ನಮ್ಮ ಕಡೆಯ ಸೆಕೆಗೆ ನಾನು ಹೇಳುವುದು ಈ 1.0 ಟಿಎಸ್‌ಐಯನ್ನೇ, ಅದರಲ್ಲೂ ಮ್ಯಾನ್ಯುಯಲ್. ಪೋಲೊ ತಯಾರಿಕೆ ಇಲ್ಲಿ 2022ರಲ್ಲಿ ನಿಂತಿದೆ, ಆದರೆ ಕಂಪನಿ ಇಲ್ಲೇ ಇದೆ.

ಮಾರುತಿ ಬಲೆನೊ ಆರ್‌ಎಸ್ 2017ರಿಂದ 2020ರವರೆಗೆ ಮಾತ್ರ ಮಾರಾಟದಲ್ಲಿತ್ತು. ಒಂದು ಲೀಟರ್ ಬೂಸ್ಟರ್‌ಜೆಟ್ ಟರ್ಬೊ, 5 ಗೇರಿನ ಮ್ಯಾನ್ಯುಯಲ್, ಹಿಂದಿನ ಚಕ್ರಕ್ಕೂ ಡಿಸ್ಕ್ ಬ್ರೇಕ್. ಬಾಡಿ ಸಾಮಾನೆಲ್ಲ ಸಾದಾ ಬಲೆನೊದ್ದೇ ಬಹುಪಾಲು ಹೊಂದುತ್ತದೆ, ಮಾರುತಿ ವರ್ಕ್‌ಶಾಪ್ ಎಲ್ಲೆಡೆ ಇದೆ. ಹೆಸರಿಗೆ ದೊಡ್ಡ ಮೋಹವಿಲ್ಲದಿದ್ದರೂ ತಲೆನೋವು ಕಡಿಮೆ ಬೇಕೆನ್ನುವವರು ಇದನ್ನು ಹುಡುಕಬೇಕು.

ಫೋರ್ಡ್ ಫಿಗೊ 1.5 ಡೀಸೆಲ್ 100 ಪಿಎಸ್‌ನ ಗಟ್ಟಿ ಗಾಡಿ, ಹೆದ್ದಾರಿಗೆ ಹೇಳಿ ಮಾಡಿಸಿದ್ದು. ಫೋರ್ಡ್ 2021ರಲ್ಲಿ ಭಾರತದ ಮಾರುಕಟ್ಟೆಗೆ ಕಾರು ತಯಾರಿಸುವುದನ್ನು ನಿಲ್ಲಿಸಿತು. ಫಿಯೆಟ್ ಪುಂಟೊ ಅಬಾರ್ಥ್ 2015ರಲ್ಲಿ ಬಂದದ್ದು, 1.4 ಲೀಟರಿನ 145 ಪಿಎಸ್ ಎಂಜಿನ್. ಅದರ ಮೋಜು ಈ ಪಟ್ಟಿಯ ಯಾವ ಗಾಡಿಗೂ ಇಲ್ಲ. ಆದರೆ ಫಿಯೆಟ್ ಕಾರು ಮಾರಾಟವೇ ಇಲ್ಲಿ ನಿಂತಿರುವಾಗ ಒಂದು ಸೆನ್ಸರ್‌ಗಾಗಿ ವಾರಗಟ್ಟಲೆ ಕಾಯಬೇಕಾದೀತು. ಮನೆಯಲ್ಲಿ ಇನ್ನೊಂದು ಗಾಡಿ ಇದ್ದರೆ ಮಾತ್ರ ಅಬಾರ್ಥ್‌ಗೆ ಕೈ ಹಾಕಿ. ಟಾಟಾ ಟಿಯಾಗೊ ಜೆಟಿಪಿ (2018, 114 ಪಿಎಸ್) ಕೂಡ ಅಪರೂಪದ್ದು. ಅದರದ್ದೇ ಆದ ವಿಶೇಷ ಬಿಡಿಭಾಗಗಳು ಸಿಗುತ್ತವೆಯೇ ಎಂದು ಮೊದಲೇ ಟಾಟಾ ವರ್ಕ್‌ಶಾಪ್‌ನಲ್ಲಿ ಕೇಳಿ. ಹುಂಡೈ ಐ20 ಎನ್ ಲೈನ್ 2021ರದು, 120 ಪಿಎಸ್. ಇನ್ನೂ ಹೊಸದಾದ್ದರಿಂದ ಬೆಲೆ ಏರಿಯೇ ಇರುತ್ತದೆ.

ಮಾಡೆಲ್ ಒಂದನ್ನು ಮನಸ್ಸಿನಲ್ಲಿ ಇಟ್ಟುಕೊಂಡ ಮೇಲೆ ಫೋನ್ ತೆಗೆದುಕೊಂಡು ಆ ಕಂಪನಿಯ ಅಧಿಕೃತ ವರ್ಕ್‌ಶಾಪ್ ನಿಮ್ಮೂರಿನಲ್ಲಿ ಈಗ ನಡೆಯುತ್ತಿದೆಯೇ ಎಂದು ವಿಚಾರಿಸಿ. ಶೋರೂಮ್ ಬೋರ್ಡ್ ಇದ್ದರೆ ಸಾಲದು. "ಗೇರ್‌ಬಾಕ್ಸ್ ಕೆಲಸ ನಿಮ್ಮಲ್ಲೇ ಮಾಡ್ತೀರೋ, ಹೈದರಾಬಾದ್‌ಗೆ ಕಳಿಸ್ತೀರೋ?" ಎಂದೇ ನೇರವಾಗಿ ಕೇಳಿ. ಕಲಬುರಗಿಯಿಂದ ಸೊಲ್ಲಾಪುರ ನೂರು ಕಿ.ಮೀ. ಮೇಲೆ, ಹೈದರಾಬಾದ್ ಇನ್ನೂರರ ಮೇಲೆ. ಅಷ್ಟು ದೂರ ಟೋಯಿಂಗ್ ಮಾಡಿಸುವ ಖರ್ಚೂ ಗಾಡಿಯ ಬೆಲೆಯಲ್ಲೇ ಸೇರಿದ್ದು ಎಂದುಕೊಳ್ಳಿ.

ಹಂತ 2: ಹೋಗುವ ಮೊದಲು ಫೋನಿನಲ್ಲಿ ಕೇಳಿ

ರಿಜಿಸ್ಟ್ರೇಷನ್ ನಂಬರ್ ಕೊಡಲು ಹಿಂಜರಿದರೆ ಅಲ್ಲಿಗೇ ಬಿಡಿ. ನಂಬರ್ ಸಿಕ್ಕ ಕೂಡಲೇ ಎಂಪರಿವಾಹನ್ ಆ್ಯಪ್‌ನಲ್ಲಿ ಹಾಕಿದರೆ ಎಷ್ಟನೇ ಮಾಲೀಕರು, ರಿಜಿಸ್ಟ್ರೇಷನ್ ದಿನಾಂಕ, ಇನ್ಶೂರೆನ್ಸ್ ಯಾವತ್ತಿನವರೆಗೆ, ಸಾಲ ಇದೆಯೇ ಎಂಬುದೆಲ್ಲ ಕಾಣುತ್ತದೆ. ಅದೇ ನಂಬರಿನಿಂದ ಬಾಕಿ ಇರುವ ಇ–ಚಲನ್ ಕೂಡ ನೋಡಬಹುದು. ಅತಿವೇಗದ ಚಲನ್‌ಗಳು ಸಾಲಾಗಿ ಬಿದ್ದಿದ್ದರೆ ಗಾಡಿ ಯಾರ ಕೈಯಲ್ಲಿತ್ತು ಎಂಬುದು ಅಲ್ಲೇ ತಿಳಿಯುತ್ತದೆ.

"ಡಾಕ್ಟರ್ ಗಾಡಿ ಅದ ರೀ ಸರ, ಒಂದ್ ಗೆರಿ ಬಿದ್ದಿಲ್ಲ" ಎಂಬ ಮಾತು ಪ್ರತಿ ಆಟೊ ಕನ್ಸಲ್ಟೆಂಟ್ (ಹಳೆ ಗಾಡಿ ಮಾರಿಸುವ ದಲ್ಲಾಳಿ) ಬಳಿಯೂ ಕೇಳುತ್ತೀರಿ. ಇರಲಿ. ನೀವು ಕೇಳಬೇಕಾದ್ದು ಸರ್ವಿಸ್ ಬಿಲ್. ಕೊನೆಗೆ ಹೇಳಬೇಕಾದ ಮಾತು ಒಂದಿದೆ: "ನಾನು ಬರೋತನಕ ಗಾಡಿ ಸ್ಟಾರ್ಟ್ ಮಾಡಬ್ಯಾಡ್ರಿ." ಯಾಕೆಂದು ಮುಂದೆ ಹೇಳುತ್ತೇನೆ.

ಹಂತ 3: ಕಾಗದಪತ್ರ

ಆರ್‌ಸಿಯಲ್ಲಿರುವ ಚಾಸಿ ನಂಬರ್ ಮತ್ತು ಎಂಜಿನ್ ನಂಬರನ್ನು ಗಾಡಿಯ ಮೇಲಿನದರ ಜೊತೆ ಒಂದೊಂದೇ ಅಕ್ಷರ ಓದಿ ತಾಳೆ ನೋಡಿ. ಚಾಸಿ ನಂಬರ್ 17 ಅಕ್ಷರದ್ದು. ಕೆತ್ತಿದ ಜಾಗದಲ್ಲಿ ಉಜ್ಜಿದ ಗುರುತು, ಹೊಸ ಬಣ್ಣ, ವೆಲ್ಡಿಂಗ್ ಕಂಡರೆ ಮಾತೇ ಬೇಡ, ಎದ್ದು ಬನ್ನಿ.

ಸಾಲದ ಗಾಡಿಯಾದರೆ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಇರುತ್ತದೆ. ಅದನ್ನೇ ಎಚ್‌ಪಿ ಎನ್ನುವುದು, ಅಂದರೆ ಸಾಲ ತೀರುವವರೆಗೆ ಗಾಡಿ ಬ್ಯಾಂಕಿಗೆ ಅಡವು. ಸಾಲ ತೀರಿದ ಎನ್‌ಒಸಿ (ಆಕ್ಷೇಪಣೆ ಇಲ್ಲವೆಂಬ ಪತ್ರ) ಮತ್ತು ಎಚ್‌ಪಿ ತೆಗೆಸುವ ಫಾರ್ಮ್ 35 ಕೈಗೆ ಬಾರದೆ ಹಣ ಕೊಡಬೇಡಿ. "ಎಚ್‌ಪಿ ಆಮೇಲೆ ತೆಗಸ್ತೀನ್ರಿ" ಎಂಬ ಭರವಸೆಯ ಮೇಲೆ ಗಾಡಿ ಒಯ್ದವರು ವರ್ಷಗಟ್ಟಲೆ ಅಲೆದಿದ್ದಾರೆ.

ನಮ್ಮ ಭಾಗದ ದೊಡ್ಡ ಬಲೆ ಹೊರರಾಜ್ಯದ ನಂಬರ್. ಕೆಎ–32 ಕಲಬುರಗಿ, ಕೆಎ–33 ಯಾದಗಿರಿ, ಕೆಎ–38 ಬೀದರ್. ಆದರೆ ಈ ಮೂರೂ ಜಿಲ್ಲೆಯಲ್ಲಿ ಇಂಥ ಗಾಡಿಗಳು ಹೆಚ್ಚಾಗಿ ಎಂಎಚ್ ಅಥವಾ ಟಿಎಸ್ ನಂಬರಿನಲ್ಲೇ ಸಿಗುತ್ತವೆ. ಗಡಿಯಾಚೆ ಗಾಡಿ ಜಾಸ್ತಿ, ಬೆಲೆಯೂ ಅಗ್ಗ. ಆ ಅಗ್ಗದ ಬೆಲೆಗೆ ಕರ್ನಾಟಕದ ಜೀವಾವಧಿ ತೆರಿಗೆ ಸೇರಿಲ್ಲ ಎಂಬುದನ್ನು ಯಾರೂ ಹೇಳುವುದಿಲ್ಲ. ಹೊರರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಇಲ್ಲೇ ಇಟ್ಟುಕೊಂಡರೆ ಇಲ್ಲಿನ ನಂಬರ್ ಮಾಡಿಸಬೇಕೆಂದು ಮೋಟಾರು ವಾಹನ ಕಾಯ್ದೆ ಹೇಳುತ್ತದೆ. ಅದಕ್ಕೆ ಮೂಲ ಆರ್‌ಟಿಒದಿಂದ ಫಾರ್ಮ್ 28ರ ಎನ್‌ಒಸಿ ಬೇಕು, ಗಾಡಿಯ ವಯಸ್ಸು ಮತ್ತು ಬೆಲೆ ನೋಡಿ ಇಲ್ಲಿ ತೆರಿಗೆ ಕಟ್ಟಬೇಕು. ಎಷ್ಟಾಗುತ್ತದೆ ಎಂದು ಆರ್‌ಟಿಒ ಕಚೇರಿಯಲ್ಲೇ ಕೇಳಿ ಬರೆದುಕೊಳ್ಳಿ. ಆ ಮೊತ್ತ ಕೂಡಿಸಿದ ಮೇಲೂ ಅಗ್ಗವೇ ಎನಿಸಿದರೆ ಮುಂದುವರಿಯಿರಿ. ಬಹಳ ಸಲ ಕೆಎ ನಂಬರಿನ ಗಾಡಿಯೇ ಅಗ್ಗವಾಗಿ ಕಾಣುತ್ತದೆ.

ಹಂತ 4: ಹೊರಗೆ, ಒಳಗೆ, ಅಡಿಯಲ್ಲಿ

ಹಗಲಿನಲ್ಲಿ, ಒಣಗಿದ ಗಾಡಿಯನ್ನೇ ನೋಡಿ. ತೊಳೆದು ಒದ್ದೆ ಇರುವ ಗಾಡಿಯಲ್ಲಿ ಬಣ್ಣದ ವ್ಯತ್ಯಾಸ ಕಾಣುವುದಿಲ್ಲ. ಬಾನೆಟ್ ಎತ್ತಿ ಫೆಂಡರ್‌ನ (ಮುಂದಿನ ಚಕ್ರದ ಮೇಲಿನ ತಗಡಿನ) ಬೋಲ್ಟ್‌ಗಳನ್ನು ಗಮನಿಸಿ. ಕಂಪನಿಯಿಂದ ಬಂದ ಬೋಲ್ಟ್ ತಲೆಯ ಮೇಲಿನ ಬಣ್ಣ ಅಖಂಡವಾಗಿರುತ್ತದೆ, ಸ್ಪ್ಯಾನರ್ ತಾಗಿದ್ದರೆ ಮೂಲೆಯಲ್ಲಿ ಬಣ್ಣ ಎದ್ದಿರುತ್ತದೆ. ಪ್ರತಿ ಗಾಜಿನ ಮೂಲೆಯಲ್ಲೂ ತಯಾರಾದ ವರ್ಷದ ಗುರುತಿದೆ. ಎಲ್ಲ ಗಾಜೂ 2016ರದಾಗಿ ಒಂದು ಮಾತ್ರ 2021ರದಾದರೆ ಆ ಕಡೆ ಏನಾಗಿತ್ತು ಎಂದು ಕೇಳಿ. ಬಂಪರ್ ಬಣ್ಣ ಹೊಡೆಸಿದ್ದಕ್ಕೆ ಹೆದರಬೇಕಿಲ್ಲ, ಊರೊಳಗೆ ಓಡಿದ ಗಾಡಿಗೆ ಅದು ಸಹಜ. ಬಾಗಿಲಿನ ಕಂಬ, ಛಾವಣಿ, ಡಿಕ್ಕಿಯ ನೆಲ ಇವುಗಳಲ್ಲಿ ಬಣ್ಣ ಅಥವಾ ವೆಲ್ಡಿಂಗ್ ಆಗಿದ್ದರೆ ದೊಡ್ಡ ಅಪಘಾತವೇ.

ಇನ್ನು ನೀರಲ್ಲಿ ಮುಳುಗಿದ ಗಾಡಿ. 2020ರ ಅಕ್ಟೋಬರ್‌ನಲ್ಲಿ ಹೈದರಾಬಾದ್ ಮುಳುಗಿತು, ಅದೇ ಹೊತ್ತಿಗೆ ಇಲ್ಲಿ ಭೀಮಾ ಉಕ್ಕಿ ಅಫಜಲಪುರ, ಜೇವರ್ಗಿ ಕಡೆ ಹಳ್ಳಿಗಳಿಗೆ ನುಗ್ಗಿತು. ಅಂಥ ನೆರೆಗಳಲ್ಲಿ ನಿಂತ ಗಾಡಿಗಳು ಒಣಗಿ, ಪಾಲಿಶ್ ಆಗಿ ಮಾರುಕಟ್ಟೆಗೆ ಬರುತ್ತವೆ. ಈ ಟರ್ಬೊ ಗಾಡಿಗಳಲ್ಲಿ ಕಂಪ್ಯೂಟರ್ ಮತ್ತು ವೈರಿಂಗ್ ಜಾಸ್ತಿ ಇರುವುದರಿಂದ ನೀರು ಕುಡಿದ ಗಾಡಿ ಎಂದೂ ಸರಿಹೋಗುವುದಿಲ್ಲ. ಸೀಟ್ ಬೆಲ್ಟನ್ನು ಕೊನೆಯವರೆಗೂ ಮೆಲ್ಲಗೆ ಎಳೆಯಿರಿ. ದಿನವೂ ಕಾಣುವ ಭಾಗವನ್ನು ಎಲ್ಲರೂ ತೊಳೆಯುತ್ತಾರೆ. ಸುರುಳಿಯ ಒಳಗಿರುವ ಕೊನೆಯ ಒಂದಡಿಯನ್ನು ಯಾರೂ ತೊಳೆಯುವುದಿಲ್ಲ. ಅಲ್ಲಿ ಬಟ್ಟೆಯ ಅಡ್ಡಕ್ಕೆ ಕಂದು ಗೆರೆ ಇದ್ದರೆ, ಬೆರಳಿಗೆ ಸಣ್ಣ ಮಣ್ಣಿನ ಪುಡಿ ಹತ್ತಿದರೆ, ನೀರು ಅಷ್ಟು ಎತ್ತರ ನಿಂತಿತ್ತು ಎಂದರ್ಥ. ಸೀಟಿನ ಕೆಳಗಿನ ಹಳಿಯ ತುಕ್ಕು, ಸ್ಟೆಪ್ನಿ ಗುಂಡಿಯ ಮೂಲೆ, ಡ್ಯಾಶ್‌ಬೋರ್ಡ್ ಕೆಳಗಿನ ಕಾರ್ಪೆಟ್ ವಾಸನೆ, ಮೂರನ್ನೂ ನೋಡಿ. ಗಾಡಿಯ ಅಡಿಯಲ್ಲಿ ಎರೆಮಣ್ಣು ಗಟ್ಟಿಯಾಗಿ ಕೂತಿರುವುದು ನಮ್ಮಲ್ಲಿ ಮಾಮೂಲು, ಹೊಲದ ದಾರಿ ತುಳಿದ ಯಾವ ಗಾಡಿಗೂ ಇರುತ್ತದೆ. ಅದು ಕಾರ್ಪೆಟ್ ಕೆಳಗೆ ಕಂಡರೆ ಮಾತ್ರ ಕೈಬಿಡಿ.

ರ‍್ಯಾಂಪ್ ಮೇಲೆ ಹತ್ತಿಸದೆ ನೋಡುವುದು ಮುಗಿಯುವುದಿಲ್ಲ. ಹಳ್ಳಿಗೊಂದರಂತೆ ಎದ್ದಿರುವ ನಮ್ಮ ಸ್ಪೀಡ್ ಬ್ರೇಕರ್‌ಗಳು ತಗ್ಗಿನ ಗಾಡಿಯ ಹೊಟ್ಟೆ ಕೆರೆಯುತ್ತವೆ. ಆಯಿಲ್ ಸಂಪ್, ಅಂದರೆ ಎಂಜಿನ್ ಕೆಳಗೆ ಆಯಿಲ್ ನಿಲ್ಲುವ ತಟ್ಟೆ, ತಗ್ಗಾಗಿದ್ದರೆ ಅಥವಾ ಅದಕ್ಕೆ ಎಂಸೀಲ್ ಹಚ್ಚಿದ್ದರೆ ಒಳಗಿನ ಆಯಿಲ್ ಪಂಪ್‌ಗೂ ಪೆಟ್ಟು ಬಿದ್ದಿರಬಹುದು. ಶಾಕ್ ಅಬ್ಸಾರ್ಬರ್ ಮೇಲೆ ಆಯಿಲ್ ಒಸರಿದ ಗುರುತು, ಚಕ್ರ ಹಿಡಿದಿಡುವ ಲೋಅರ್ ಆರ್ಮ್‌ನ ರಬ್ಬರ್ ಬುಷ್ ಸೀಳಿರುವುದು ಇವೆಲ್ಲ ಬೆಲೆ ಇಳಿಸಲು ಕಾರಣ, ಬಿಟ್ಟುಬರಲು ಅಲ್ಲ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು. ಐದಾರು ವರ್ಷ ದಾಟಿದ ಟೈರ್‌ನ ಮೇಲ್ಮೈ ಗೆರೆಗಳು ಚೆನ್ನಾಗಿ ಕಂಡರೂ ನಮ್ಮ ಏಪ್ರಿಲ್–ಮೇ ಬಿಸಿಲಿಗೆ ನಂಬಿಕೆಯದಲ್ಲ. ಪಕ್ಕದಲ್ಲಿ ಬುಗ್ಗೆ ಎದ್ದಿದೆಯೇ ಎಂದು ಕೈ ಆಡಿಸಿ ನೋಡಿ.

ಹಂತ 5: ತಣ್ಣಗಿರುವಾಗಲೇ ಎಂಜಿನ್

ಬಾನೆಟ್ ಮುಟ್ಟಿ. ಬೆಳಗಿನ ಹೊತ್ತಿನಲ್ಲಿ ಬೆಚ್ಚಗಿದ್ದರೆ ನಿಮ್ಮ ಮಾತು ಕೇಳದೆ ಸ್ಟಾರ್ಟ್ ಮಾಡಿದ್ದಾರೆ. ಇನ್ನೊಂದು ದಿನ ಬರುತ್ತೇನೆಂದು ಹೇಳಿ. ಎಂಜಿನ್ ರೋಗ ಗೊತ್ತಾಗುವುದು ರಾತ್ರಿಯೆಲ್ಲ ನಿಂತು ತಣ್ಣಗಾದ ಮೇಲಿನ ಮೊದಲ ಕೆಲವೇ ಸೆಕೆಂಡಿನಲ್ಲಿ.

ಸ್ಟಾರ್ಟ್ ಮಾಡುವ ಮುನ್ನ ಡಿಪ್‌ಸ್ಟಿಕ್ (ಆಯಿಲ್ ಅಳೆಯುವ ಕಡ್ಡಿ) ತೆಗೆದು ಆಯಿಲನ್ನು ಟಿಶ್ಯೂ ಮೇಲೆ ಒರೆಸಿ. ಕಂದಾಗಿದ್ದರೆ ಸರಿ. ಪೆಟ್ರೋಲ್ ಗಾಡಿಯಲ್ಲಿ ಡಾಂಬರಿನಂತೆ ಕಪ್ಪಾಗಿ ಅಂಟಿದರೆ ಆಯಿಲ್ ಬದಲಿಸಿ ಬಹಳ ಕಾಲವಾಗಿದೆ. ಆಯಿಲ್ ಮುಚ್ಚಳದ ಒಳಗೆ ಬೆಣ್ಣೆ ಬಣ್ಣದ ಲೋಳೆ ಕಂಡರೆ ಕೂಲೆಂಟ್ ಆಯಿಲ್ ಜೊತೆ ಬೆರೆತಿರುವ ಶಂಕೆ. ನಮ್ಮ ಒಣ ಹವೆಯಲ್ಲಿ ಆ ಲೋಳೆ ಬರೀ ತೇವದಿಂದ ಆಗುವುದು ಅಪರೂಪ.

ಕೂಲೆಂಟ್ ಡಬ್ಬಿ ನೋಡಿ. ಕೂಲೆಂಟ್ ಎಂದರೆ ಎಂಜಿನ್ ತಂಪಿಡುವ ಬಣ್ಣದ ದ್ರವ, ಬರೀ ನೀರಲ್ಲ. ಪೋಲೊದಲ್ಲಿ ಅದು ಗುಲಾಬಿ ಅಥವಾ ನೇರಳೆ ಇರಬೇಕು. ದಾರಿಯಲ್ಲಿ ಕಡಿಮೆಯಾಯಿತೆಂದು ಬೋರ್‌ವೆಲ್ ನೀರು ಸುರಿದುಕೊಂಡು ಓಡಿಸಿದ ಗಾಡಿಗಳು ಈ ಭಾಗದಲ್ಲಿ ಬಹಳ. ನಮ್ಮ ನೀರು ಗಡಸು. ಪಾತ್ರೆಯಲ್ಲಿ ಕಟ್ಟುವ ಬಿಳಿ ಪದರವೇ ರೇಡಿಯೇಟರ್‌ನ ಸಣ್ಣ ಕೊಳವೆಗಳಲ್ಲೂ ಕಟ್ಟುತ್ತದೆ. ಡಬ್ಬಿಯಲ್ಲಿ ಬಣ್ಣವಿಲ್ಲದ ನೀರು, ತುಕ್ಕಿನ ಕೆಸರು ಕಂಡರೆ 42 ಡಿಗ್ರಿಯಲ್ಲಿ ಈ ಟರ್ಬೊ ಎಂಜಿನ್ ಏನು ಅನುಭವಿಸಿದೆ ಎಂದು ಯೋಚಿಸಿ.

ಈಗ ಸ್ಟಾರ್ಟ್ ಮಾಡಿಸಿ, ನೀವು ಬಾನೆಟ್ ಬಳಿ ನಿಲ್ಲಿ. ಸರಪಳಿ ಅಲುಗಾಡಿದಂಥ "ಖಟಖಟ" ಸದ್ದು ಎರಡು ಮೂರು ಸೆಕೆಂಡಿಗಿಂತ ಹೆಚ್ಚು ಬಂದರೆ ಟೈಮಿಂಗ್ ಚೈನ್ ಸಡಿಲವಾಗಿರಬಹುದು. ಹಳೆಯ 1.2 ಟಿಎಸ್‌ಐ ಎಂಜಿನ್‌ನ ಗೊತ್ತಿರುವ ದೌರ್ಬಲ್ಯ ಅದು. ಟೈಮಿಂಗ್ ಚೈನ್ ಅಥವಾ ಬೆಲ್ಟ್ ಎಂಜಿನ್‌ನ ವಾಲ್ವ್‌ಗಳನ್ನು ಪಿಸ್ಟನ್ ಜೊತೆ ತಾಳ ತಪ್ಪದಂತೆ ತೆರೆದು ಮುಚ್ಚಿಸುತ್ತದೆ. ಅದು ಜಾರಿದರೆ ಎಂಜಿನ್ನೇ ಹೋದಂತೆ. ಫಿಗೊ ಡೀಸೆಲ್‌ನಲ್ಲಿ ಬೆಲ್ಟ್ ಇದೆ. ಬದಲಿಸಿದ ಬಿಲ್ ಇಲ್ಲದಿದ್ದರೆ ಬದಲಿಸಿಲ್ಲ ಎಂದೇ ತಿಳಿದು ಬೆಲೆ ಮಾತಾಡಿ.

ಟರ್ಬೊ ಎಂದರೆ ಎಂಜಿನ್ ಬಿಡುವ ಹೊಗೆಯ ಒತ್ತಡದಿಂದ ತಿರುಗಿ, ಎಂಜಿನ್ ಒಳಗೆ ಹೆಚ್ಚು ಗಾಳಿ ತುಂಬುವ ಪುಟ್ಟ ಚಕ್ರ. ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುವ ಇದನ್ನು ಕಾಯುವುದು ಶುದ್ಧ ಆಯಿಲ್ ಮತ್ತು ಶುದ್ಧ ಗಾಳಿ ಎರಡೇ. ಸೇಡಂ, ವಾಡಿ, ಶಹಾಬಾದ್ ಕಡೆ ಓಡಿದ ಗಾಡಿಯಾದರೆ ಏರ್ ಫಿಲ್ಟರ್ ಡಬ್ಬಿ ಬಿಚ್ಚಿಸಲೇಬೇಕು. ಸಿಮೆಂಟ್ ಮತ್ತು ಕಲ್ಲಿನ ಧೂಳು ಫಿಲ್ಟರ್ ದಾಟಿ ಒಳಗಿನ ಪೈಪಿಗೆ ಬಂದಿದ್ದರೆ ಬೆರಳಿಗೆ ಹಿಟ್ಟಿನಂತೆ ಹತ್ತುತ್ತದೆ. ಎಂಜಿನ್ ಬಿಸಿಯಾದ ಮೇಲೆ ಐದು ನಿಮಿಷ ಸುಮ್ಮನೆ ಓಡಲು ಬಿಟ್ಟು, ಆಮೇಲೆ ಒಮ್ಮೆ ಜೋರಾಗಿ ರೇಸ್ ಕೊಡಿಸಿ. ಸೈಲೆನ್ಸರ್‌ನಲ್ಲಿ ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಗಾಡಿ ಎಳೆಯುವಾಗ ಮೆಲ್ಲನೆಯ ಶಿಳ್ಳೆ ಸಹಜ. ಸೈರನ್‌ನಂತೆ ಏರುವ ಕೂಗು ಟರ್ಬೊದ ಬೇರಿಂಗ್ ಸವೆದ ಲಕ್ಷಣ.

ಹಂತ 6: ಸ್ಕ್ಯಾನರ್ ಹಾಕಿಸಿ

ಸ್ಕ್ಯಾನರ್ ಎಂದರೆ ಗಾಡಿಯ ಕಂಪ್ಯೂಟರ್‌ನಲ್ಲಿ ಕೋಡ್ ರೂಪದಲ್ಲಿ ದಾಖಲಾದ ದೋಷಗಳನ್ನು ಓದುವ ಯಂತ್ರ. ಆನ್‌ಲೈನ್‌ನಲ್ಲಿ ಸಿಗುವ ಅಗ್ಗದ ಬ್ಲೂಟೂತ್ ಸಾಧನ ಎಂಜಿನ್ ಕೋಡ್ ಮಾತ್ರ ಓದುತ್ತದೆ, ಗೇರ್‌ಬಾಕ್ಸ್ ಮತ್ತು ಏರ್‌ಬ್ಯಾಗ್ ಕೋಡ್‌ಗಳಿಗೆ ವರ್ಕ್‌ಶಾಪ್‌ನದ್ದೇ ಬೇಕು. ಒಂದು ಮೋಸ ಗೊತ್ತಿರಲಿ: ನೀವು ಬರುವ ಮೊದಲು ಕೋಡ್ ಅಳಿಸಿಬಿಟ್ಟರೆ ಮೀಟರ್‌ನ ಎಚ್ಚರಿಕೆ ದೀಪ ಆರುತ್ತದೆ, ಪಟ್ಟಿ ಖಾಲಿ ಕಾಣುತ್ತದೆ. ಆದರೆ ಹಾಗೆ ಅಳಿಸಿದಾಗ ಗಾಡಿ ತನ್ನನ್ನು ತಾನೇ ಪರೀಕ್ಷಿಸಿಕೊಂಡ ದಾಖಲೆಯೂ ಅಳಿಯುತ್ತದೆ. ಅದಕ್ಕೆ ರೆಡಿನೆಸ್ ಎನ್ನುತ್ತಾರೆ. "ರೆಡಿನೆಸ್ ಪೂರ್ತಿ ಆಗಿಲ್ಲ" ಎಂದು ಸ್ಕ್ಯಾನರ್ ತೋರಿಸಿದರೆ ಇತ್ತೀಚೆಗೆ ಕೋಡ್ ಅಳಿಸಿದ್ದಾರೆ ಅಥವಾ ಬ್ಯಾಟರಿ ಬಿಚ್ಚಿದ್ದಾರೆ. ಯಾಕೆಂದು ಕೇಳಿ, ಒಂದು ವಾರ ಓಡಿದ ಮೇಲೆ ಮತ್ತೆ ಹಾಕಿಸಿ.

ಅಧಿಕೃತ ವರ್ಕ್‌ಶಾಪ್‌ನಲ್ಲೇ ಚಾಸಿ ನಂಬರ್ ಕೊಟ್ಟು ಸರ್ವಿಸ್ ಇತಿಹಾಸ ತೆಗೆಸಿ. ಮೀಟರ್ ಹಿಂದೆ ತಿರುಗಿಸಿದ್ದು ಗೊತ್ತಾಗುವುದು ಇಲ್ಲೇ: 2019ರಲ್ಲಿ ಎಪ್ಪತ್ತು ಸಾವಿರ ಎಂದು ದಾಖಲಾದ ಗಾಡಿ ಇವತ್ತು ಐವತ್ತು ಸಾವಿರ ತೋರಿಸಲಾರದು.

ಹಂತ 7: ಓಡಿಸಿ ನೋಡುವುದು

ಬೆಳಿಗ್ಗೆ ತಣ್ಣಗೆ ಸ್ಟಾರ್ಟ್ ಮಾಡಿದ್ದಾಯಿತು. ಓಡಿಸುವುದು ಮಾತ್ರ ಮಧ್ಯಾಹ್ನದ ಬಿಸಿಲಿನಲ್ಲಿ, ಎಸಿ ಹಾಕಿಕೊಂಡು. ಮೊದಲು ಊರೊಳಗಿನ ದಟ್ಟಣೆ. ಕಲಬುರಗಿಯಲ್ಲಾದರೆ ಜಗತ್ ವೃತ್ತದಿಂದ ಸೂಪರ್ ಮಾರ್ಕೆಟ್ ಕಡೆ ಆಮೆಗತಿಯಲ್ಲಿ ಸಾಗಿ. ಡಿಎಸ್‌ಜಿಯ ಪರೀಕ್ಷೆ ನಡೆಯುವುದೇ ಇಲ್ಲಿ.

ಡಿಎಸ್‌ಜಿಯಲ್ಲಿ ಎರಡು ಕ್ಲಚ್ ಇವೆ. ಒಂದು ಈಗಿನ ಗೇರ್ ಹಿಡಿದಿರುವಾಗ ಇನ್ನೊಂದು ಮುಂದಿನದಕ್ಕೆ ಸಿದ್ಧವಾಗಿರುತ್ತದೆ. ಪೋಲೊದ 7 ಗೇರಿನ ಡಿಎಸ್‌ಜಿಯಲ್ಲಿ ಆ ಕ್ಲಚ್‌ಗಳು ಒಣ ಬಗೆಯವು, ಅಂದರೆ ಆಯಿಲ್‌ನಲ್ಲಿ ತಂಪಾಗುವುದಿಲ್ಲ. ನಿಂತು ಹೊರಟು, ನಿಂತು ಹೊರಟು ಮಾಡುವಾಗ ಅವು ಬಿಸಿಯಾಗುತ್ತವೆ, ಸವೆಯುತ್ತವೆ. ಒಂದರಿಂದ ಎರಡನೇ ಗೇರಿಗೆ ಹೋಗುವಾಗ ನಡುಕ, ಜಗ್ಗಿದಂತೆ ಆಗುವುದು, ರಿವರ್ಸ್ ಹಾಕಿದ ಮೇಲೆ ಹಿಡಿಯಲು ತಡವಾಗುವುದು, ಮೀಟರ್‌ನಲ್ಲಿ ಗೇರಿನ ಅಕ್ಷರ ಮಿಣುಕುವುದು — ಇವುಗಳಲ್ಲಿ ಯಾವುದೇ ಕಂಡರೂ ಕ್ಲಚ್ ಅಥವಾ ಮೆಕಾಟ್ರಾನಿಕ್ ಕೆಲಸ ಹತ್ತಿರದಲ್ಲಿದೆ. ಮೆಕಾಟ್ರಾನಿಕ್ ಎಂದರೆ ಗೇರ್ ಬದಲಿಸುವ ಎಲೆಕ್ಟ್ರಾನಿಕ್ಸ್ ಮತ್ತು ಹೈಡ್ರಾಲಿಕ್ ಒಟ್ಟಿಗಿರುವ ಘಟಕ. "ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿಸಿದ್ರ ಆಯ್ತ್ರಿ" ಎಂದರೆ, ಅದನ್ನು ಅವರೇ ಮಾಡಿಸಿ ತೋರಿಸಲಿ.

ಮ್ಯಾನ್ಯುಯಲ್ ಆದರೆ ರಿಂಗ್ ರೋಡಿನಲ್ಲಿ ಖಾಲಿ ಜಾಗ ನೋಡಿ ನಾಲ್ಕನೇ ಗೇರಿನಲ್ಲಿ ಮೆಲ್ಲಗೆ ಹೋಗುತ್ತಾ ಒಮ್ಮೆಲೇ ಪೂರ್ತಿ ಎಕ್ಸಲರೇಟರ್ ಕೊಡಿ. ಎಂಜಿನ್ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಪ್ಲೇಟ್ ಜಾರುತ್ತಿದೆ. ಬಳಿಕ ಹುಮನಾಬಾದ್ ರಸ್ತೆಗೆ ಹೊರಳಿ. ಯಾದಗಿರಿಯವರಿಗೆ ಶಹಾಪುರ ರಸ್ತೆ, ಬೀದರ್‌ನವರಿಗೆ ಬೀದರ್–ಹುಮನಾಬಾದ್ ರಸ್ತೆ ಸಾಕು. ಕಾನೂನಿನ ಮಿತಿಯೊಳಗಿನ ವೇಗದಲ್ಲೇ ಸ್ಟೀರಿಂಗ್ ನಡುಕ, ಒಂದು ಪಕ್ಕಕ್ಕೆ ಎಳೆಯುವುದು, ಬ್ರೇಕ್ ಒತ್ತಿದಾಗ ಪೆಡಲ್ ಅದುರುವುದು ಎಲ್ಲವೂ ತಿಳಿಯುತ್ತದೆ. ಅದಕ್ಕಾಗಿ ಮೀಟರ್ ಮುಳ್ಳನ್ನು ಕೊನೆಗೆ ಮುಟ್ಟಿಸಬೇಕಿಲ್ಲ.

ಮರಳಿ ಬಂದ ಮೇಲೆ ಎಂಜಿನ್ ಆರಿಸದೆ, ಎಸಿ ಹಾಕಿಯೇ ಹತ್ತು ನಿಮಿಷ ಬಿಸಿಲಲ್ಲಿ ನಿಲ್ಲಿಸಿ. ರೇಡಿಯೇಟರ್ ಫ್ಯಾನ್ ತಿರುಗುತ್ತಿರಬೇಕು, ಬಿಸಿಯ ಮುಳ್ಳು ಮೇಲೇರಬಾರದು, ಎಸಿ ಗಾಳಿ ಬೆಚ್ಚಗಾಗಬಾರದು.

ಹಂತ 8: ಮಾಡಿಫೈ ಆದ ಗಾಡಿ

ಇಂಥ ಗಾಡಿಗಳಲ್ಲಿ ಸುಮಾರು ಮಾಡಿಫೈ ಆಗಿರುತ್ತವೆ. ದೊಡ್ಡ ಸದ್ದಿನ ಸೈಲೆನ್ಸರ್, ತಗ್ಗಿಸಿದ ಸ್ಪ್ರಿಂಗ್, ಅಗಲದ ಅಲಾಯ್ ಕಣ್ಣಿಗೆ ಕಾಣುತ್ತವೆ. ಕಾಣದಿರುವುದು ರೀಮ್ಯಾಪ್, ಅಂದರೆ ಎಂಜಿನ್ ಕಂಪ್ಯೂಟರ್‌ನ ಲೆಕ್ಕ ಬದಲಿಸಿ ಹೆಚ್ಚು ಶಕ್ತಿ ಹಿಂಡುವುದು. ಹಾಗೆ ಹಿಂಡಿದ ಹೊರೆಯನ್ನೆಲ್ಲ ಹೊರುವುದು ಗೇರ್‌ಬಾಕ್ಸ್ ಮತ್ತು ಟರ್ಬೊ. ಕಂಪನಿ ಕೊಟ್ಟ ಮೂಲ ವಿನ್ಯಾಸವನ್ನು ಬದಲಿಸುವಂತಿಲ್ಲ ಎಂದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ, 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿದಿದೆ. ಇನ್ಶೂರೆನ್ಸ್ ಕ್ಲೇಮ್ ವೇಳೆ ತಕರಾರು ಬರುವುದೂ ಇದರಿಂದಲೇ. ನನ್ನ ಸಲಹೆ ಖಡಾಖಂಡಿತ: ರೀಮ್ಯಾಪ್ ಆದ ಡಿಎಸ್‌ಜಿ ಪೋಲೊವನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ತೆಗೆದುಕೊಳ್ಳಬೇಡಿ.

ಹಂತ 9: ಬೆಲೆ, ಹಣ, ವರ್ಗಾವಣೆ

ಕಂಡ ದೋಷಗಳನ್ನೆಲ್ಲ ಬರೆದು, ಪ್ರತಿಯೊಂದಕ್ಕೂ ವರ್ಕ್‌ಶಾಪ್‌ನಿಂದ ಅಂದಾಜು ಮೊತ್ತ ಹಾಕಿಸಿ. ಆ ಕಾಗದವೇ ನಿಮ್ಮ ಚೌಕಾಸಿ. ಕೈಯಲ್ಲಿರುವ ಹಣವನ್ನೆಲ್ಲ ಗಾಡಿಗೇ ಸುರಿಯಬೇಡಿ, ಬೆಲೆಯ ಐದನೇ ಒಂದು ಭಾಗದಷ್ಟು ಮೊದಲ ವರ್ಷದ ರಿಪೇರಿಗೆ ತೆಗೆದಿಡಿ. ಅಷ್ಟು ಉಳಿಯದಿದ್ದರೆ ಒಂದು ಮೆಟ್ಟಿಲು ಕೆಳಗಿನ ಗಾಡಿ ನೋಡಿ.

ಹಣವನ್ನು ಮಾಲೀಕರ ಬ್ಯಾಂಕ್ ಖಾತೆಗೇ ಹಾಕಿ. ಹೆಸರು ವರ್ಗಾಯಿಸುವ ಫಾರ್ಮ್ 29 ಮತ್ತು 30ಕ್ಕೆ ಅವರ ಸಹಿ ನಿಮ್ಮ ಎದುರೇ ಆಗಲಿ. ಖಾಲಿ ಫಾರ್ಮ್‌ಗೆ ಸಹಿ ಹಾಕಿಟ್ಟುಕೊಂಡ ಏಜೆಂಟರಿಂದ ಕೊಂಡರೆ ನಡುವೆ ಗಾಡಿ ಯಾರ ಕೈ ದಾಟಿದೆ ಎಂಬುದೇ ತಿಳಿಯುವುದಿಲ್ಲ. ಇನ್ಶೂರೆನ್ಸನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡಿ. ಹಳೆಯ ಮಾಲೀಕರ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ್ದಕ್ಕೆ ಸಿಗುವ ಪ್ರೀಮಿಯಂ ರಿಯಾಯಿತಿ) ನಿಮಗೆ ಬರುವುದಿಲ್ಲ, ಆ ವ್ಯತ್ಯಾಸ ಕಟ್ಟಬೇಕಾಗುತ್ತದೆ. ಅವರ ಫಾಸ್ಟ್ಯಾಗ್ ಮುಚ್ಚಿಸಿ ನಿಮ್ಮ ಹೆಸರಿನದು ಅಂಟಿಸಿ.

ಗಾಡಿ ಮನೆಗೆ ಬಂದ ವಾರದಲ್ಲೇ ಎಂಜಿನ್ ಆಯಿಲ್, ಎಲ್ಲ ಫಿಲ್ಟರ್, ಕೂಲೆಂಟ್, ಬ್ರೇಕ್ ಆಯಿಲ್ ಬದಲಿಸಿ. ಹಳಬರು ಈಗಷ್ಟೇ ಮಾಡಿಸಿದ್ದೇವೆಂದರೂ ಬದಲಿಸಿ. ಕಂಪನಿಯ ಪುಸ್ತಕ ಪೋಲೊಗೆ 15,000 ಕಿ.ಮೀ. ಎಂದು ಹೇಳಿದ್ದರೂ ನಮ್ಮ ಧೂಳು ಮತ್ತು ಬಿಸಿಲಿಗೆ 7,500ಕ್ಕೊಮ್ಮೆ ಆಯಿಲ್ ಬದಲಿಸಿದರೆ ಒಳ್ಳೆಯದು. ಡಬ್ಬಿಯ ಮೇಲಿನ ದರ್ಜೆ ನಿಮ್ಮ ಗಾಡಿಯ ಪುಸ್ತಕದಲ್ಲಿ ಬರೆದದ್ದೇ ಆಗಿರಲಿ, ಬಿಲ್ಲಿನಲ್ಲಿ ಅದೇ ಹೆಸರು ಬರೆಸಿಕೊಂಡು ಫೈಲಿನಲ್ಲಿಡಿ. ನಾಳೆ ನೀವು ಈ ಗಾಡಿ ಮಾರುವಾಗ ಕೊಳ್ಳುವವರು ಮೊದಲು ಕೇಳುವುದು ಆ ಬಿಲ್ಲನ್ನೇ.